ಸುಣ್ಣ ಕಟ್ಟಿದ ಬುರುಡೆಗಳು

ನನ್ನ ಅಪ್ಪನ ಕೆಲಸ ಹೋದದ್ದು ಆರು ಹಿತ್ತಾಳೆ ಬುರುಡೆಗಳ ದೆಸೆಯಿಂದ. ಆ ಬುರುಡೆಗಳಿಗೆ ಸುಣ್ಣ ಬಳಿಸಿದವಳು ನಾನು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಈಗ ಹೇಳಿದರೆ ಯಾರಿಗೂ ಉಪಯೋಗವಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆದಿಡುವ ಅಭ್ಯಾಸ ನನಗೆ ಚಿಕ್ಕಂದಿನಿಂದ ಬಂದಿದೆ. ಒಂದೇ ಒಂದು ಸಲ ಆ ಅಭ್ಯಾಸ ತಪ್ಪಿದೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಐವತ್ತರ ದಶಕದ ನಡುವಿನ ವರ್ಷಗಳು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ, ಊರು ದಾಟಿದ ಮೇಲೆ, ರೇಷ್ಮೆ ಬಿತ್ತನೆ ಕೋಠಿಯೊಂದಿತ್ತು. ರೈತರಿಗೆ ರೇಷ್ಮೆಹುಳುವಿನ ಮೊಟ್ಟೆ ತಯಾರಿಸಿ ಕೊಡುವ ಕಡೆ ಅದು. ಅಪ್ಪ ಅಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಅದಕ್ಕೂ ಮುಂಚೆ ಅಕ್ಕಿ ಗಿರಣಿಯೊಂದರ ಬಾಯ್ಲರ್ ಮುಂದೆ ಹತ್ತು ವರ್ಷ ದುಡಿದಿದ್ದ. ಓದು ಬರಹ ಬರುತ್ತಿರಲಿಲ್ಲ. ಬೆಂಕಿಯ ಬಣ್ಣ ನೋಡಿ ಯಾವ ಮರದ ಸೌದೆ, ಒಣಗಿ ಎಷ್ಟು ದಿನವಾಗಿದೆ ಎಂದು ಹೇಳುತ್ತಿದ್ದ. ಗುಂಡ್ಲುಪೇಟೆಯಾಚೆಯ ಮದ್ದೂರು ಕಡೆಯ ಕಾಡಿನಿಂದ ಗಾಡಿಯಲ್ಲಿ ಸೌದೆ ಬಂದರೆ ಇಳಿಸುವ ಮೊದಲೇ ಗಾಡಿಯವನಿಗೆ, "ಈ ಹಸೀ ಸೌದೆ ತಕ್ಕೊಂಡೋಗಿ ನಿನ್ನೆಂಡ್ತಿಗೆ ಕೊಡ್ಲಾ, ಕಣ್ಣೀರ್ ಬರ್ಸಕ್ಕೆ ನಿಂಗೂ ಒಂದು ದಾರಿಯಾಯ್ತದೆ," ಎನ್ನುತ್ತಿದ್ದ.

ನನ್ನ ಅವ್ವ ನಾನು ಮೈಸೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದಾಗಲೇ ತೀರಿಕೊಂಡಳು. ಆ ಹಾಸ್ಟೆಲಿನಲ್ಲಿ ಏಳುವುದು, ಮೀಯುವುದು, ಉಣ್ಣುವುದು, ಓದುವುದು ಎಲ್ಲ ಗಂಟೆಯ ಲೆಕ್ಕ. ಗಂಟೆ ಬಾರಿಸುವ ಮೊದಲು ತಟ್ಟೆ ಮುಟ್ಟಿದರೆ ಆ ಹೊತ್ತಿನ ಊಟವಿಲ್ಲ. ಹುಡುಗಿಯರು ಅದನ್ನು ಶಪಿಸುತ್ತಿದ್ದರು. ನನಗೆ ಅದು ಹಿಡಿಸಿತು. ಅವ್ವ ಸತ್ತ ಸುದ್ದಿ ಬಂದ ದಿನವೂ ಗಂಟೆ ಹೊಡೆಯಿತು, ನಾನು ಎದ್ದು ಹೋಗಿ ಸಾಲಿನಲ್ಲಿ ನಿಂತೆ. ನಿಲ್ಲಲು ಒಂದು ಸಾಲು ಇದೆಯಲ್ಲ ಎನ್ನುವುದೇ ಆಗ ಸಮಾಧಾನವಾಗಿತ್ತು.

ಓದು ಮುಗಿಸಿ ಬಂದವಳಿಗೆ ಅಪ್ಪನೇ ಸಾಹೇಬರ ಕೈಕಾಲು ಹಿಡಿದು ಕೋಠಿಯಲ್ಲಿ ಕೆಲಸ ಕೊಡಿಸಿದ. ಸಾಹೇಬರೆಂದರೆ ಕೋಠಿಯ ಅಧಿಕಾರಿ. ನನ್ನ ಕೆಲಸ ಎರಡು ಬಗೆಯದು. ಒಂದು, ಕಾವಿನ ಕೋಣೆಯ ಶಾಖವನ್ನು ಬೆಳಗಿನ ಆರರಿಂದ ಸಂಜೆ ಆರರ ತನಕ ಎರಡು ಗಂಟೆಗೊಮ್ಮೆ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು. ಎರಡು, ಒಂದು ಬೆಳೆ ಮುಗಿದು ಇನ್ನೊಂದು ಬೆಳೆ ಶುರುವಾಗುವ ಮೊದಲು ಕೂಲಿ ಹೆಂಗಸರಿಂದ ಕೋಣೆಯನ್ನು ತೊಳೆಸಿ ಸುಣ್ಣ ಬಳಿಸುವುದು. ಹುಳುವಿನ ರೋಗ ಗೋಡೆಯ ಬಿರುಕಿನಲ್ಲಿ ಅಡಗಿ ಕೂರುತ್ತದೆ. ಸುಣ್ಣವಿಲ್ಲದೆ ಅದು ಸಾಯುವುದಿಲ್ಲ.

ಕಾವಿನ ಕೋಣೆ ಹೊಸದು. ಪರದೇಶದ ತಳಿಯ ಮೊಟ್ಟೆಗಳಿಗೆ ನಮ್ಮ ಪುಷ್ಯ ಮಾಘದ ಚಳಿ ಆಗುವುದಿಲ್ಲವೆಂದು ಕಟ್ಟಿಸಿದ್ದು. ಬೇರೆ ಕೋಣೆಗಳಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುತ್ತಿದ್ದರು. ಇಲ್ಲಿ ಹಾಗಲ್ಲ. ಊಟಿಯಲ್ಲಿ ಬಿಳಿಯ ದೊರೆಯೊಬ್ಬ ಬಂಗಲೆ ಖಾಲಿ ಮಾಡಿ ಹೋಗುವಾಗ ಹರಾಜಿಗೆ ಹಾಕಿದ್ದ ಎರಕದ ಕಬ್ಬಿಣದ ಚೌಕಟ್ಟುಗಳನ್ನು ಲಾರಿಯಲ್ಲಿ ಘಾಟಿ ಇಳಿಸಿ ತಂದು ಗೋಡೆಗೆ ಕೂರಿಸಿದ್ದರು. ಬಾಯ್ಲರಿನ ಬಿಸಿನೀರು ಅವುಗಳ ಒಳಗೆ ಹರಿದು ಕೋಣೆ ಬೆಚ್ಚಗಾಗುತ್ತಿತ್ತು. ಸಾಹೇಬರು ಅವನ್ನು ರೇಡಿಯೇಟರ್ ಎನ್ನುತ್ತಿದ್ದರು, ಕೂಲಿ ಹೆಂಗಸರು ಪಕ್ಕೆಲುಬು ಎನ್ನುತ್ತಿದ್ದರು. ಒಟ್ಟು ಆರು. ಪ್ರತಿಯೊಂದರ ಬುಡದಲ್ಲಿ ನೀರು ಒಳಗೆ ಬರುವ ಕಡೆ ಒಂದು ವಾಲ್ವು, ವಾಲ್ವಿನ ಮೇಲೆ ಮುಷ್ಟಿಗಾತ್ರದ ಹಿತ್ತಾಳೆ ಬುರುಡೆ, ಬುರುಡೆಯ ಸುತ್ತ ಸಾಸಿವೆ ಹಿಡಿಸುವಷ್ಟು ಸಣ್ಣ ತೂತುಗಳು. ಕೋಣೆಯ ಗಾಳಿ ಬಿಸಿಯಾದರೆ ಆ ಬುರುಡೆ ತಾನಾಗಿಯೇ ನೀರನ್ನು ಮುಚ್ಚುತ್ತದೆ, ತಣ್ಣಗಾದರೆ ತಾನಾಗಿಯೇ ಬಿಡುತ್ತದೆ ಎಂದು ಸಾಹೇಬರು ಹೇಳಿದ್ದರು. ಹೇಗೆ ಎಂದು ನಾನು ಕೇಳಲಿಲ್ಲ. ಅದು ನನ್ನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

ಬುರುಡೆ ತಾನಾಗಿ ನೋಡಿಕೊಳ್ಳುವುದರಿಂದ ಬೆಂಕಿಯನ್ನು ಮೇಲಕ್ಕೆ ಕೆಳಕ್ಕೆ ಮಾಡುವ ಹಾಗಿಲ್ಲ ಎನ್ನುವುದು ಸಾಹೇಬರ ಲಿಖಿತ ಆದೇಶ. ಬಾಯ್ಲರಿಗೆ ನೀರಿನ ಬಿಸಿ ತೋರಿಸುವ, ಗಡಿಯಾರದಂಥ ಒಂದು ಬಿಲ್ಲೆ, ಬಿಲ್ಲೆಯ ಮೇಲೆ ಒಂದು ಕೆಂಪು ಗೆರೆ. ಹಗಲು ಪೂರ್ತಿ ಮುಳ್ಳು ಆ ಗೆರೆಯ ಮೇಲೆ ನಿಂತಿರಬೇಕು. ಆ ಆದೇಶಕ್ಕೆ ಕಟ್ಟು ಹಾಕಿಸಿ ಬಾಯ್ಲರ್ ಮನೆಯ ಗೋಡೆಗೆ ತೂಗುಹಾಕಿದ್ದರು. ಓದು ಬಾರದ ಅಪ್ಪನಿಗೆ ಅದನ್ನು ಓದಿ ಹೇಳಿದವಳು ನಾನೇ.

ಆ ವರ್ಷ ಬೆಳೆಗೆ ಮುಂಚೆ ಸುಣ್ಣ ಬಳಿಸುವಾಗ ನಡೆದದ್ದು ಇಷ್ಟು. ಸುಣ್ಣದ ಬಗ್ಗೆ ಸಾಹೇಬರ ಆದೇಶದಲ್ಲಿ ಇದ್ದ ಮಾತು: ಕೋಣೆಯ ಒಳಗಿರುವ ಎಲ್ಲ ಮೇಲ್ಮೈಗಳಿಗೂ ಬಿಡದೆ ಸುಣ್ಣ ಬಳಿಯತಕ್ಕದ್ದು. ಹೆಂಗಸರು ಗೋಡೆ, ಚಾವಣಿ, ತೊಲೆ, ಕಿಟಕಿಯ ಸರಳು ಎಲ್ಲ ಮುಗಿಸಿ ಪಕ್ಕೆಲುಬುಗಳಿಗೆ ಬಂದರು. ಅವರಲ್ಲಿ ಹಿರಿಯಳಾದ ಒಬ್ಬ ಹೆಂಗಸು, ಬಾಯಿ ತುಂಬ ಎಲೆಅಡಿಕೆ, ಕುಂಚ ಎತ್ತಿ ಹಿಡಿದು ನಿಂತಳು. ನನ್ನ ಶಿಸ್ತಿಗೆ ಅವರು ಇಟ್ಟ ಹೆಸರು ಮೇಷ್ಟ್ರಮ್ಮ.

"ಮೇಷ್ಟ್ರಮ್ಮ, ಈ ಬುರುಡೆಗೂವೆ ಬಳೀಬೇಕಾ? ತೂತು ಅವೆ ಕಣವ್ವ ಇದ್ರಲ್ಲಿ."

"ಎಲ್ಲದಕ್ಕೂ ಅಂತ ಇದೆ. ಬಳಿ."

"ಓದ್ ಸಲನೂ ಬಳುದ್ವಿ, ಅದ್ರಿಂದಿನ ಸಲನೂ ಬಳುದ್ವಿ. ತೂತು ಮುಚ್ಕೊಂಡಾವೆ."

"ಮುಚ್ಚಿಕೊಂಡರೆ ರೋಗ ಒಳಗೆ ಹೋಗುವುದಿಲ್ಲ, ಒಳ್ಳೆಯದೇ ಆಯಿತು. ಬಳಿ."

"ಅಂಗಾರೆ ನಮ್ಮನೆ ಗಂಡಸಿನ ಬಾಯ್ಗೂ ಒಂದ್ಸಲ ಬಳುದ್ಬುಡ್ತೀನಿ," ಎಂದಳು. ಮಿಕ್ಕವರು ನಕ್ಕರು. ನಾನು ನಗಲಿಲ್ಲ. ಅವಳು ಬಳಿದಳು. ಕೊನೆಯ ಬುರುಡೆಯ ಹಿಂಬದಿಯಲ್ಲಿ ಬೆರಳಗಲ ಹಿತ್ತಾಳೆ ಕಾಣುತ್ತಿತ್ತು. ಕುಂಚ ಕಿತ್ತುಕೊಂಡು ಅದನ್ನು ನಾನೇ ಮುಚ್ಚಿದೆ.

ಆಮೇಲೆ ಆರು ವಾರ ಚಳಿ ಇತ್ತು. ಹಗಲಿನಲ್ಲೂ ನೀರು ಹರಿಯುತ್ತಲೇ ಇರಬೇಕಾದ ಚಳಿ. ಬುರುಡೆ ಮುಚ್ಚುವ ಪ್ರಸಂಗವೇ ಬರಲಿಲ್ಲ. ಹಾಗಾಗಿ ಅದು ಮುಚ್ಚಲಾರದು ಎನ್ನುವುದೂ ಯಾರಿಗೂ ತಿಳಿಯಲಿಲ್ಲ.

ಶಿವರಾತ್ರಿಗೆ ನಾಲ್ಕೈದು ದಿನ ಇರುವಾಗ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಬಿಸಿಲು ಜೋರಾಯಿತು. ಸಾಹೇಬರು ಅಂದು ಸಂತೆಮರಹಳ್ಳಿ ಕಡೆಯ ರೈತರ ತೋಟ ನೋಡಲು ಹೋಗಿದ್ದರು. ಆ ರೈತರಿಗೇ ಮುಂದಿನ ವಾರ ನಮ್ಮ ಕೋಣೆಯ ಮೊಟ್ಟೆ ಕೊಡಬೇಕಾಗಿತ್ತು. ಕೋಣೆಯಲ್ಲಿ ಎಪ್ಪತ್ತೇಳು ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಆರು ಗಂಟೆಗೆ ಎಪ್ಪತ್ತೇಳು. ಎಂಟಕ್ಕೆ ಎಪ್ಪತ್ತೊಂಬತ್ತು. ಹತ್ತಕ್ಕೆ ಎಂಬತ್ತೈದು. ಬರೆದೆ. ಎಂಬತ್ತು ದಾಟಿದರೆ ಅಧಿಕಾರಿಗೆ ಚೀಟಿ ಬರೆಯಬೇಕು ಎಂದು ನಿಯಮ. ಚೀಟಿ ಬರೆದು ಅವರ ಖಾಲಿ ಮೇಜಿನ ಮೇಲೆ ಇಟ್ಟು, ಹಾರದಂತೆ ಮೇಲೊಂದು ಕಲ್ಲು ಇಟ್ಟೆ.

ಆಮೇಲೆ ಬಾಯ್ಲರ್ ಮನೆಗೆ ಹೋದೆ. ಅಪ್ಪ ಮಣೆಯ ಮೇಲೆ ಕೂತಿದ್ದ.

"ಕೋಣೆ ಕಾದೈತೆ ಅಪ್ಪ. ಎಂಬತ್ತೈದು."

ಅಪ್ಪ ಬಿಲ್ಲೆ ತೋರಿಸಿದ. "ಮುಳ್ಳು ಗೆರೆ ಮ್ಯಾಗೇ ಐತೆ, ನೋಡ್ಕೊ. ಆ ಬುರುಡೆಗಳು ಮುಚ್ಚಬೇಕಲ್ವಾ? ಬೆಂಕಿ ಎಳ್ದುಬುಡ್ಲಾ?"

ಬೆಂಕಿ ಎಳೆಯುವುದೆಂದರೆ ಉರಿಯುವ ಕೊಳ್ಳಿಗಳನ್ನು ಹೊರಗೆ ಎಳೆದು ನೀರು ಹಾಕುವುದು. ಹಾಗೆ ಮಾಡಿದ್ದರೆ ಅರ್ಧ ಗಂಟೆಯಲ್ಲಿ ಕೋಣೆ ತಣಿಯುತ್ತಿತ್ತು.

"ಬೆಂಕಿ ಮುಟ್ಟಬಾರದು ಅಂತ ಆದೇಶ ಇದೆ," ಎಂದೆ.

"ಸಾಹೇಬ್ರಿಲ್ವಲ್ಲ."

"ಅವರು ಇಲ್ಲದಿದ್ದರೆ ಆದೇಶ ಇಲ್ಲವಾ?"

ಅಪ್ಪ ಗೋಡೆಯ ಕಡೆ ನೋಡಿದ. "ಇನ್ನೊಂದ್ಸಲ ಓದು, ಕೇಳಾನ," ಎಂದ. ಓದಿದೆ. ಅಧಿಕಾರಿಯ ಲಿಖಿತ ಅಪ್ಪಣೆಯಿಲ್ಲದೆ ಯಾವ ಕಾರಣಕ್ಕೂ ಬೆಂಕಿಯನ್ನು ಕುಗ್ಗಿಸಕೂಡದು. ಯಾವ ಕಾರಣಕ್ಕೂ ಎನ್ನುವುದನ್ನು ಒತ್ತಿ ಓದಿದೆ. ಅಪ್ಪ ಎದ್ದು ನಿಂತಿದ್ದವನು ಮತ್ತೆ ಕೂತ. "ಓದ್ದೋಳು ನೀನು. ನೀನ್ ಯೋಳ್ದಂಗೆ," ಎಂದ. ಅವನ ಬೆವೆತ ಮುಖದಲ್ಲಿ ಹೆಮ್ಮೆಯೇ ಇತ್ತು. ಮಗಳು ಓದಿ ಹೇಳುತ್ತಾಳೆ ಎನ್ನುವ ಹೆಮ್ಮೆ.

ಹನ್ನೆರಡಕ್ಕೆ ತೊಂಬತ್ತೊಂದು. ಎರಡಕ್ಕೆ ತೊಂಬತ್ತಾರು. ಕಿಟಕಿ ತೆಗೆಯೋಣ ಎಂದು ಹೆಂಗಸರು ಹೇಳಿದರು. ಕಿಟಕಿ ತೆಗೆದರೆ ಗಾಳಿಯ ತೇವ ಹೋಗುತ್ತದೆ, ಅದಕ್ಕೂ ಅಪ್ಪಣೆ ಇಲ್ಲ ಎಂದೆ. ಇನ್ನೂ ಎರಡು ಚೀಟಿ ಬರೆದು ಅದೇ ಕಲ್ಲಿನ ಅಡಿಗೆ ಇಟ್ಟೆ. ನಾಲ್ಕು ಗಂಟೆಗೆ ಸಾಹೇಬರು ಬಂದು ಕೋಣೆಗೆ ಕಾಲಿಟ್ಟವರು ಹಾಗೇ ಹಿಂದಕ್ಕೆ ಬಂದರು. ನೂರಾರು ಹಾಳೆಗಳ ಮೇಲಿನ ಮೊಟ್ಟೆ ಅಂದೇ ಸತ್ತಿತ್ತು. ಅದು ಖಚಿತವಾದದ್ದು ಮುಂದಿನ ವಾರ, ಒಂದೂ ಒಡೆಯದೆ ಬಣ್ಣ ಕೆಟ್ಟು ಕುಗ್ಗಿಹೋದಾಗ. ಸಂತೆಮರಹಳ್ಳಿಯ ಕಡೆಯಿಂದ ಮೊಟ್ಟೆಗೆಂದು ಬಂದ ರೈತರು ಬರಿಗೈಲಿ ಜಗಲಿಯ ಮೇಲೆ ಕೂತಿದ್ದರು. ಅವರಲ್ಲೊಬ್ಬ ಬಾಯ್ಲರ್ ಮನೆಯ ಬಾಗಿಲಿಗೆ ಹೋಗಿ, "ಏನಯ್ಯಾ, ಮೊಟ್ಟೆ ಬೇಯ್ಸ್ಕೊಂಡು ತಿಂದ್ಯಾ?" ಎಂದು ಅಪ್ಪನನ್ನು ಕೇಳಿದ.

ಮೈಸೂರಿನಿಂದ ದೊಡ್ಡ ಸಾಹೇಬರು ವಿಚಾರಣೆಗೆ ಬರುತ್ತಾರೆಂದು ತಿಳಿಯಿತು. ಅವರು ಬರುವ ಹಿಂದಿನ ದಿನ ಕೆಲಸ ಮುಗಿಸಿ ಬಂದು ನಮ್ಮ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತಿದ್ದಾಗ ಅಪ್ಪ ಕೇಳಿದ. "ನಿನ್ನ ಬುಕ್ಕಲ್ಲಿ ಮುಳ್ಳಿಂದು ಬರ್ದಿದ್ದೀಯಾ? ಮುಳ್ಳು ಗೆರೆ ಮ್ಯಾಗೇ ಇತ್ತು ಅಂತವ?"

"ಇಲ್ಲ. ಅದಕ್ಕೆ ಕಾಲಂ ಇಲ್ಲ. ಕೋಣೆಯ ಶಾಖಕ್ಕೆ ಮಾತ್ರ ಇರೋದು."

"ಅಂಗಾರೆ ಕಾದಿದ್ದು ಗೊತ್ತಾಯ್ತದೆ, ನಾನು ಬೆಂಕಿ ಎಚ್ಚು ಮಾಡ್ನಿಲ್ಲ ಅನ್ನೋದು ಗೊತ್ತಾಗಕಿಲ್ಲ."

"ಹೌದು."

"ಕೊನೇಲಿ ಒಂದು ಕಾಲಂ ಐತೆ ಅಂತಿದ್ದೆಯಲ್ಲಾ, ಷರಾ ಅಂತ. ಅಲ್ಲಿ ಒಂದ್ಸಾಲು ಬರ್ದ್ಬುಡು ಕಣಮ್ಮಿ. ಸುಳ್ಳಲ್ವಲ್ಲ. ನೀನೇ ನೋಡಿದ್ದೀಯೆ."

ರಿಜಿಸ್ಟರಿನ ಕೊನೆಯ ಕಾಲಂ ಷರಾ. ಅಧಿಕಾರಿ ಹೇಳಿದ್ದನ್ನು ಮಾತ್ರ ಅಲ್ಲಿ ಬರೆಯಬೇಕು. "ಅದು ಸಾಹೇಬರ ಕಾಲಂ ಅಪ್ಪ. ನಾನಾಗಿ ಬರೆಯುವ ಹಾಗಿಲ್ಲ. ಹೋದ ತಾರೀಖಿನ ಕೆಳಗೆ ಇವತ್ತು ಬರೆದರೆ ಅದು ತಿದ್ದಿದ ಹಾಗೆ," ಎಂದೆ. ಅಪ್ಪ ಹೇಳಿದ, "ಸರಿ ಬುಡು. ನಾಳೆ ಬಾಯಲ್ಲಿ ಯೋಳು."

ಮರುದಿನ ದೊಡ್ಡ ಸಾಹೇಬರು ರಿಜಿಸ್ಟರು ತೆರೆದು ನನ್ನನ್ನು ಎರಡು ಪ್ರಶ್ನೆ ಕೇಳಿದರು. ಇದು ನಿಮ್ಮ ಕೈಬರಹವೇ? ಹೌದು. ಇಲ್ಲಿರುವ ಅಂಕಿಗಳು ಸರಿಯೇ? ಸರಿ. ಅಪ್ಪ ಬಾಗಿಲ ಬಳಿ ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ನಾನು ಮೂರನೆಯ ಪ್ರಶ್ನೆಗೆ ಕಾದೆ. ಅವರು ರಿಜಿಸ್ಟರು ಮುಚ್ಚಿ, "ಬಹಳ ಅಚ್ಚುಕಟ್ಟಾಗಿ ಬರೆದಿದ್ದೀರಿ," ಎಂದರು. ನಾನು ಹೊರಗೆ ಬಂದೆ. ಕೇಳದ ಪ್ರಶ್ನೆಗೆ ಉತ್ತರ ಕೊಡಬಾರದೆಂದು ನನಗೆ ಕಲಿಸಿದ್ದರು. ಅಪ್ಪನನ್ನು ಒಳಗೆ ಕರೆದರು. ಮುಳ್ಳು ಗೆರೆಯ ಮೇಲೆ ಇತ್ತು ಎಂದು ಅವನು ಹೇಳಿದ್ದು ಬಾಗಿಲಾಚೆಗೂ ಕೇಳಿಸಿತು. ಅದಕ್ಕೆ ಸಾಕ್ಷಿ ಏನು ಎಂದು ಅವರು ಕೇಳಿದ್ದೂ ಕೇಳಿಸಿತು. ಅಪ್ಪ ನನ್ನ ಹೆಸರು ಹೇಳಲಿಲ್ಲ. ನಾನಾಗಿ ಹೇಳಲೆಂದು ಬಿಟ್ಟಿದ್ದನೋ, ಹೇಳಿದರೆ ನನ್ನ ಕೆಲಸಕ್ಕೆ ಕುತ್ತೆಂದು ಬಿಟ್ಟನೋ, ಇಂದಿಗೂ ಗೊತ್ತಿಲ್ಲ.

ಅತಿಯಾಗಿ ಬೆಂಕಿ ಹಾಕಿ ಬಿತ್ತನೆ ಹಾಳು ಮಾಡಿದ್ದಕ್ಕೆ ಕೆಲಸದಿಂದ ವಜಾ. ಕ್ವಾರ್ಟರ್ಸು ಅಪ್ಪನ ಹೆಸರಿನಲ್ಲಿತ್ತು, ಅದೂ ಹೋಯಿತು. ಅಪ್ಪ ಗುಂಡ್ಲುಪೇಟೆಗೆ ತನ್ನ ಅಕ್ಕನ ಮನೆಗೆ ಹೋದ. ನಾನು ಚಾಮರಾಜನಗರದಲ್ಲೇ ದೂರದ ನೆಂಟರೊಬ್ಬರ ಮನೆಯ ಹಿಂದಿನ ಕೋಣೆ ಹಿಡಿದೆ. ಟ್ರಂಕು ಎತ್ತಿಕೊಂಡು ಬಸ್ಸು ಹತ್ತುವಾಗ ಅಪ್ಪ, "ಟೈಮ್ಗೆ ಸರಿಯಾಗಿ ಉಣ್ಣು," ಎಂದ. ನನಗೆ ಅದನ್ನು ಹೇಳುವ ಅಗತ್ಯ ಯಾವತ್ತೂ ಇರಲಿಲ್ಲ.

ಮುಂದಿನ ತಿಂಗಳು ಬುರುಡೆ ಪರೀಕ್ಷಿಸಲು ಕೂನೂರಿನಿಂದ ಫಿಟ್ಟರೊಬ್ಬ ಬಂದ. ಬೆಟ್ಟದ ಬಂಗಲೆಗಳಲ್ಲಿ ಇಂಥವನ್ನೇ ರಿಪೇರಿ ಮಾಡಿ ಪಳಗಿದ್ದ ತಮಿಳಿನವ. ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಆರು ಹೊಸ ಬುರುಡೆಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ತಂದಿದ್ದ. ಕೆಲಸದ ವಿವರ ಬರೆದುಕೊಳ್ಳಲು ಸಾಹೇಬರು ನನ್ನನ್ನು ಅವನ ಜೊತೆ ಬಿಟ್ಟರು.

ಮೊದಲನೆಯ ಬುರುಡೆಯ ನಟ್ಟು ಸಡಿಲಿಸಲು ಅವನಿಗೆ ಕಾಲು ಗಂಟೆ ಹಿಡಿಯಿತು. ಸುಣ್ಣ ಗಾರೆಯ ಹಾಗೆ ಕಚ್ಚಿಕೊಂಡಿತ್ತು. ಬಿಚ್ಚಿದ ಮೇಲೆ ತೂಗಿ ನೋಡಿ, "ಎನ್ನಮ್ಮಾ ಇದು, ಇಷ್ಟು ಭಾರ," ಎಂದ. ಹಿತ್ತಾಳೆಯ ಹೊದಿಕೆಯನ್ನು ಉಳಿಯಿಂದ ಕತ್ತರಿಸಿ ತೆಗೆದ. ಒಳಗೆ ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯಾದ ತಗಡಿನ ಒಂದು ಸಣ್ಣ ಡಬ್ಬಿ ಇತ್ತು. ಮಡಿಕೆಗಳ ನಡುವೆಲ್ಲ ಸುಣ್ಣ ಇಳಿದು ಕಲ್ಲಾಗಿತ್ತು.

"ನೋಡು. ಗಾಳಿ ಬಿಸಿ ಆದ್ರೆ ಇದು ಉಬ್ಬಬೇಕು. ಉಬ್ಬಿ ಕೆಳಗಿರೋ ಕಡ್ಡಿ ಒತ್ತಬೇಕು. ಆವಾಗ ನೀರು ನಿಲ್ಲುತ್ತೆ. ಇದು ಉಬ್ಬೋಕೆ ಜಾಗ ಎಲ್ಲಿದೆ?"

ಒಂದು ಬೋಗುಣಿಯಲ್ಲಿ ಬೆಚ್ಚಗಿನ ನೀರು ತರಿಸಿದ. ಹೊಸ ಬುರುಡೆಯನ್ನು ಅದರಲ್ಲಿ ಇಟ್ಟು ನನ್ನ ಹೆಬ್ಬೆರಳನ್ನು ಕಡ್ಡಿ ಒತ್ತುವ ಜಾಗದಲ್ಲಿ ಇಡಿಸಿದ. ಮೆಲ್ಲಗೆ, ಬಸಿರಿಯ ಹೊಟ್ಟೆಯಲ್ಲಿ ಮಗು ಒದ್ದ ಹಾಗೆ, ಏನೋ ಬೆರಳನ್ನು ಹೊರಕ್ಕೆ ನೂಕಿತು. ಆಮೇಲೆ ಹಳೆಯ ಐದನ್ನೂ ಬಿಚ್ಚಿ ಒಂದೊಂದಾಗಿ ಅದೇ ನೀರಿನಲ್ಲಿ ಇಡಿಸಿದ. ಒಂದೂ ಅಲುಗಲಿಲ್ಲ.

"ಯಾರಮ್ಮಾ ಇದಕ್ಕೆ ಸುಣ್ಣ ಬಳಿದಿದ್ದು?"

"ಆದೇಶ ಇತ್ತು," ಎಂದೆ.

"ಬಾಯ್ಲರ್ ಆಳನ್ನ ತೆಗೆದು ಹಾಕಿದ್ರಂತೆ. ಪಾವಂ. ಅವನು ಏನ್ ಮಾಡ್ತಾನೆ? ಬೆಂಕಿ ಸರಿಯಾಗೇ ಇಟ್ಟಿದ್ರೂ ಇದು ಹೀಗೇ ಆಗ್ತಿತ್ತು. ಬರ್ಕೋ ಅದನ್ನ."

ಅವನು ಹೊಸ ಬುರುಡೆಗಳನ್ನು ಕೂರಿಸುವುದನ್ನು ನೋಡುತ್ತ ನಿಂತೆ. ಪ್ರತಿಯೊಂದನ್ನೂ ಮೊದಲು ಪೂರ್ತಿ ತೆರೆದ ಕಡೆಗೆ ತಿರುಗಿಸಿ, ಆಮೇಲೆ ವಾಲ್ವಿನ ಮೇಲೆ ನೇರವಾಗಿ ಇಟ್ಟು, ನಟ್ಟನ್ನು ಕೈಯಿಂದಲೇ ಬಿಗಿದು, ಕೊನೆಗೆ ಸ್ಪ್ಯಾನರಿನಿಂದ ಕಾಲು ಸುತ್ತು ಮಾತ್ರ. ಮುಚ್ಚಿದ ಕಡೆಗೆ ತಿರುಗಿಸಿಟ್ಟು ಬಿಗಿದರೆ ಒಳಗಿನ ಕಡ್ಡಿ ಬಾಗಿಹೋಗುತ್ತದಂತೆ. ಆರಕ್ಕೂ ಅದೇ ಕ್ರಮ, ಒಂದು ಚೂರೂ ಹೆಚ್ಚುಕಡಿಮೆ ಇಲ್ಲ. ಕ್ರಮವಾಗಿ ಕೆಲಸ ಮಾಡುವವರನ್ನು ಕಂಡರೆ ನನಗೆ ಗೌರವ. ಅವನು ಕ್ರಮದ ಜೊತೆಗೆ ಅದರ ಕಾರಣವನ್ನೂ ತಿಳಿದಿದ್ದ.

ಕತ್ತರಿಸಿದ ಹಳೆಯ ಬುರುಡೆಯನ್ನು ತಟ್ಟೆಯಲ್ಲಿಟ್ಟುಕೊಂಡು ಸಾಹೇಬರ ಕೋಣೆಗೆ ಹೋದೆ. ಫಿಟ್ಟರು ಹೇಳಿದ್ದೆಲ್ಲ ಹೇಳಿದೆ. ಇದನ್ನು ಬರೆದರೆ ಅಪ್ಪ ಮತ್ತೆ ಕೆಲಸಕ್ಕೆ ಬರುತ್ತಾನೆ ಎಂದು ನನಗೆ ಗೊತ್ತಿತ್ತು, ಸಾಹೇಬರಿಗೂ ಗೊತ್ತಿತ್ತು. ಅವರು ಬುರುಡೆಯನ್ನು ಮುಟ್ಟದೆ ನೋಡಿದರು. ಕೆಟ್ಟ ಮನುಷ್ಯರಲ್ಲ. ಧ್ವನಿ ಏರಿಸಿ ಮಾತಾಡಿದವರೇ ಅಲ್ಲ.

"ನೋಡಮ್ಮ," ಎಂದರು. "ಸುಣ್ಣದ ಆದೇಶ ನನ್ನದು. ಬಳಿಸಿದವಳು ನೀನು. ಬುರುಡೆಗೂ ಬಳಿಯಿರಿ ಅಂತ ನಾನು ಬರೆದಿಲ್ಲ, ಬಿಡಿ ಅಂತಲೂ ಬರೆದಿಲ್ಲ. ಈಗ ಮತ್ತೆ ವಿಚಾರಣೆ ಅಂದರೆ ಮೊದಲು ಕೇಳೋದು ನಿನ್ನನ್ನ, ಆಮೇಲೆ ನನ್ನನ್ನ. ನಿಮ್ಮ ತಂದೆಗೆ ವಯಸ್ಸಾಯಿತು. ನಿನಗೆ ಮುಂದೆ ಇಪ್ಪತ್ತೈದು ಮೂವತ್ತು ವರ್ಷದ ಸರ್ವೀಸ್ ಇದೆ."

ತಟ್ಟೆಯನ್ನು ಅವರ ಮೇಜಿನ ಮೇಲೆ ಇಟ್ಟೆ.

"ಷರಾ ಬರೆದುಕೋ. ರೇಡಿಯೇಟರಿನ ವಾಲ್ವುಗಳ ಬುರುಡೆಗಳು ಹಳೆಯವಾಗಿದ್ದರಿಂದ ಮುನ್ನೆಚ್ಚರಿಕೆಯಾಗಿ ಬದಲಾಯಿಸಲಾಯಿತು."

ಬರೆದೆ. ದುಂಡಗೆ, ಗೆರೆಗೆ ತಾಗಿ, ಕಾಲಂ ದಾಟದಂತೆ ಬರೆದೆ. ಅಪ್ಪನಿಗೆ ಒಂದು ಸಾಲು ಬರೆಯಲು ಇಲ್ಲದ ಅಪ್ಪಣೆ ಇದಕ್ಕೆ ಇತ್ತು. ಸಾಹೇಬರು ಹೇಳಿದರು, ಅದಕ್ಕೆ ಬರೆದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತ್ರ ನಿಜ. ಬಳಿಸಿದವಳು ನೀನು ಎಂದಾಗ ನನಗೆ ಹುಟ್ಟಿದ ಭಯ ಮಿಕ್ಕರ್ಧ.

ಫಿಟ್ಟರು ಊರಿಗೆ ಹಿಂತಿರುಗುವಾಗ ಬಸ್ಸು ಗುಂಡ್ಲುಪೇಟೆಯಲ್ಲಿ ನಿಂತಿತು. ಬಸ್ ನಿಲ್ದಾಣದ ಎದುರು ಬತ್ತೇರಿ ಕಡೆಯಿಂದ ಬಂದ ಮಲಯಾಳಿಯೊಬ್ಬನ ಹೋಟೆಲಿತ್ತು. ಅಪ್ಪ ಅದರ ಒಲೆ ಉರಿಸುವ ಕೆಲಸಕ್ಕೆ ಸೇರಿದ್ದ. ಫಿಟ್ಟರು ಟೀ ಕುಡಿಯುತ್ತ ಚಾಮರಾಜನಗರದ ಸುಣ್ಣದ ಬುರುಡೆಗಳ ಕತೆಯನ್ನು ಯಾರಿಗೋ ಹೇಳಿ ನಕ್ಕನಂತೆ. ಅಪ್ಪ ಒಲೆ ಬಿಟ್ಟು ಎದ್ದು ಬಂದ. ಅಲ್ಲೊಂದು ಹುಡುಗಿ ಇತ್ತು, ಎಲ್ಲ ತೋರಿಸಿದೀನಿ, ಅವಳು ಬರ್ಕೊಂಡಿದಾಳೆ ಎಂದು ಫಿಟ್ಟರು ಹೇಳಿದ.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅಪ್ಪ ನನ್ನನ್ನು ಒಂದು ಮಾತೂ ಕೇಳದೆ ತಾಲ್ಲೂಕು ಕಚೇರಿಯ ಮುಂದೆ ಕೂರುವ ಅರ್ಜಿ ಬರೆಯುವವನ ಹತ್ತಿರ ಹೋಗಿ ಅರ್ಜಿ ಬರೆಸಿದ. ಕೋಠಿಯ ರಿಜಿಸ್ಟರು ತರಿಸಿ ನೋಡಬೇಕು, ಸುಣ್ಣದ ವಿಷಯ ಅದರಲ್ಲಿ ಬರೆದಿದೆ. ಬರೆದದ್ದು ಖಾತ್ರಿಯೇ ಎಂದು ಅರ್ಜಿಯವನು ಕೇಳಿದ್ದಕ್ಕೆ, "ಬರ್ದಿರೋಳು ನನ್ ಮಗ್ಳು. ನೋಡಿದ್ನ ಬುಡೋಳಲ್ಲ," ಎಂದನಂತೆ. ಇದನ್ನು ಹೇಳಿದವಳು ನನ್ನ ಸೋದರತ್ತೆ. ಅವಳು ಅದನ್ನು ಹೊಗಳಿಕೆಯೆಂದೇ ಹೇಳಿದಳು.

ಅರ್ಜಿ ಮೈಸೂರಿಗೆ ಹೋಗಿ, ಅಲ್ಲಿಂದ ಕೋಠಿಗೆ ಬಂತು. ರಿಜಿಸ್ಟರಿನ ಆ ಪುಟದ ದೃಢೀಕೃತ ನಕಲು ಕಳಿಸಿ ಎಂದಿತ್ತು. ನಕಲು ಮಾಡುವುದು ನನ್ನ ಕೆಲಸ. ಮಾಡಿದೆ. ಆ ದಿನವಾದರೂ ಸಾಹೇಬರ ಎದುರು ನಿಲ್ಲಬಹುದಿತ್ತು. ನಕಲಿನ ಕೆಳಗೆ, ಮೂಲದೊಂದಿಗೆ ಹೋಲಿಸಿ ನೋಡಿದೆ ಎಂದು ಬರೆದು ಸಹಿ ಹಾಕಿದೆ.

ಉತ್ತರ ಬಂದಾಗ ಅಪ್ಪ ಹೇಳಿ ಕಳಿಸಿದ. ಭಾನುವಾರ ಬೆಳಗಿನ ಬಸ್ಸಿನಲ್ಲಿ ಹೋದೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಹೋಟೆಲಿನ ಹಿಂಭಾಗದಲ್ಲಿ ಅಪ್ಪ ಒಲೆಯ ಮುಂದೆ ಕೂತಿದ್ದ. ಸರ್ಕಾರಿ ಲಕೋಟೆಯನ್ನು ಒಡೆಯದೆ, ಮಸಿ ತಾಗದಂತೆ ಎಲೆಯಲ್ಲಿ ಸುತ್ತಿ, ಹೆಂಚಿನ ಸಂದಿಯಲ್ಲಿ ಇಟ್ಟಿದ್ದ.

"ಬೇರೆಯೋರ ಕೈಲಿ ಓದಿಸ್ನಿಲ್ಲ. ನೀನೇ ಓದ್ಲಿ ಅಂತ," ಎಂದ. ಮುಖ ಗೆಲುವಾಗಿತ್ತು. ಹೋಟೆಲಿನವನು ಒಳಗಿನಿಂದ, "ಏನ್ ಮಾಮ, ಮತ್ತೆ ಸರ್ಕಾರಿ ನೌಕ್ರಿಗೆ ಹೊಂಟ್ರಾ? ನನ್ ಒಲೆ ಗತಿ ಏನು?" ಎಂದು ಕೂಗಿದ. "ನೀನೇ ಊದ್ಕೊಳಯ್ಯಾ," ಎಂದು ಅಪ್ಪ ಇಲ್ಲಿಂದಲೇ ಹೇಳಿದ.

ನಿಂತೇ ಓದಿದೆ. ಅರ್ಜಿದಾರರು ಹೇಳಿದಂತೆ ರಿಜಿಸ್ಟರನ್ನು ಪರಿಶೀಲಿಸಲಾಗಿದೆ. ವಾಲ್ವಿನ ಬುರುಡೆಗಳು ಹಳೆಯವಾಗಿದ್ದರಿಂದ ಮುನ್ನೆಚ್ಚರಿಕೆಯಾಗಿ ಬದಲಾಯಿಸಲಾಯಿತು ಎಂದಷ್ಟೇ ಅದರಲ್ಲಿ ನಮೂದಾಗಿದೆ. ಅವು ಕೆಟ್ಟಿದ್ದವೆನ್ನಲು ಆಧಾರವಿಲ್ಲ. ಅರ್ಜಿಯನ್ನು ವಜಾ ಮಾಡಲಾಗಿದೆ. ಶಾಲೆಯಲ್ಲಿ ಪಾಠ ಓದುವ ಹಾಗೆ, ಎಲ್ಲೂ ನಿಲ್ಲದೆ ಓದಿದೆ. ನಿಂತರೆ ಮುಂದೆ ಓದಲು ಆಗುವುದಿಲ್ಲವೆಂದು ಗೊತ್ತಿತ್ತು.

"ಸುಣ್ಣದ ಮಾತು?"

"ಇಲ್ಲ."

"ಆ ಕೂನೂರಿನೋನು ತೋರಿಸ್ನಿಲ್ವಾ ನಿಂಗೆ?"

"ತೋರಿಸಿದ."

ಅಪ್ಪ ಒಂದು ಕೊಳ್ಳಿಯನ್ನು ಒಳಕ್ಕೆ ನೂಕಿದ. "ಬರ್ದೋರ್ಯಾರು?"

"ನಾನೇ. ಸಾಹೇಬರು ಹೇಳಿದರು."

"ಊಂ. ಈಗ ಸೇರಿಸ್ಬೋದಾ ಅದ್ರಲ್ಲಿ?" ಎಂದು ಕೇಳಿದ.

"ಆ ವರ್ಷದ ರಿಜಿಸ್ಟರು ಮುಚ್ಚಿ ಆಯಿತು ಅಪ್ಪ."

"ಅಂಗಾರೆ ಬುಡು," ಎಂದ. ಬೈಯಲಿಲ್ಲ. ಹೋಟೆಲಿನವನಿಂದ ನನಗೆ ಎರಡು ಇಡ್ಲಿ ತರಿಸಿಕೊಟ್ಟು ತಾನು ಸೌದೆ ಸೀಳಲು ಹೊರಗೆ ಹೋದ. ನಾನು ತಿನ್ನುವಷ್ಟು ಹೊತ್ತೂ ಸೀಳುತ್ತಲೇ ಇದ್ದ. ಬಸ್ಸಿನ ಹೊತ್ತಾಯಿತು, ಹೇಳಿ ಹೊರಟೆ. ಕೊಡಲಿ ಕೆಳಗಿಡದೆ ತಲೆಯಾಡಿಸಿದ.

ಮುಂದಿನ ಬೆಳೆಗೆ ಸುಣ್ಣ ಬಳಿಸುವ ಕಾಲ ಬಂದಾಗ ಸಾಹೇಬರ ಹೊಸ ಆದೇಶ ನನ್ನ ಮೇಜಿಗೆ ಬಂತು. ಅವರ ಸಹಿ, ಮೊಹರು ಎಲ್ಲ ಇತ್ತು. ಸುಣ್ಣ ಬಳಿಯುವ ಮುನ್ನ ರೇಡಿಯೇಟರಿನ ಬುರುಡೆಗಳಿಗೆ ಬಟ್ಟೆ ಕಟ್ಟತಕ್ಕದ್ದು, ತೂತುಗಳಲ್ಲಿ ಸುಣ್ಣ ಸೇರಿದರೆ ಅವು ಕೆಲಸ ಮಾಡುವುದಿಲ್ಲ. ಅದನ್ನು ಎರಡು ಸಲ ಓದಿದೆ. ಅಪ್ಪನಿಗೆ ಬೇಕಾಗಿದ್ದ ಸಾಲು ಅದು. ಸುಣ್ಣ ಸೇರಿದರೆ ಕೆಡುತ್ತದೆ ಎಂದು ಅಧಿಕಾರಿಯೇ ಬರೆದುಕೊಟ್ಟ ಕಾಗದ. ಅದರದೊಂದು ನಕಲು ಸಾಕಿತ್ತು, ಅಪ್ಪ ಇನ್ನೊಂದು ಅರ್ಜಿ ಹಾಕಬಹುದಿತ್ತು. ಗುಂಡ್ಲುಪೇಟೆಗೆ ಮಧ್ಯಾಹ್ನ ಒಂದು ಬಸ್ಸು, ಸಂಜೆ ಒಂದು ಬಸ್ಸು.

ಕಾಗದಕ್ಕೆ ನಂಬರು ಹಾಕಿ ಫೈಲಿಗೆ ಸೇರಿಸಿದೆ. ಹಳೆಯ ಪಂಚೆಯೊಂದನ್ನು ಆರು ತುಂಡು ಹರಿದು ಬುರುಡೆಗಳಿಗೆ ಕಟ್ಟಿಸಿದೆ. ಎಲೆಅಡಿಕೆಯ ಹೆಂಗಸು ಗಂಟು ಹಾಕುತ್ತ, "ಈಗ ಗ್ಯಾನ ಬಂತು ನಿಮ್ಗೆ," ಎಂದಳು. ಗಂಟು ಬಿಗಿಯಾಗಿದೆಯೇ ಎಂದು ಒಂದೊಂದನ್ನೂ ಎಳೆದು ನೋಡಿದೆ.

ಆ ಸಂಜೆ ಬಸ್ಸಿಗೆ ನಾನು ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಅಪ್ಪ ಆ ಹೋಟೆಲಿನ ಒಲೆಯ ಮುಂದೆ ಇನ್ನೂ ಎಂಟು ವರ್ಷ ದುಡಿದ. ಮೊಟ್ಟೆ ಬೇಯಿಸಿದವನು ಎಂದು ಬಸ್ಸಿನ ಜನ ಕೂಡ ಅವನನ್ನು ಗುರುತಿಸುತ್ತಿದ್ದರು.